ಶಾವಂತ್ರೆವ್ವನ ಸೀಸೆ

"ನಲವತ್ತೊಂದನೇ ಸಲ ಕರಸೀರಿ! ಕಾದ ಎಣ್ಣಿ ಇಳಿಸಿ ಬಂದೀನಿ. ಇವತ್ತರ ನನ್ನ ನೆನಪು ಕೊಡ್ತೀರೋ ಇಲ್ಲೋ?" ಮಿರ್ಚಿ ಅಂಗಡಿಯ ಶಾವಂತ್ರೆವ್ವ ಸರ್ಕಾರಿ ವಕೀಲರ ಮೇಜು ಗುದ್ದಿದಳು.

ವಕೀಲೆ ಸರೋಜಿನಿ ಹುದ್ದಾರ ಅವರಿಗೂ ಸಾಕುಸಾಕಾಗಿತ್ತು. ಸಾಕ್ಷಿಗಳು ಕೋರ್ಟಿನಲ್ಲಿ ಮಾತು ತಿರುಗಿಸುತ್ತಾರೆಂದು, ಅವರು ಕಂಡದ್ದರ ನೆನಪನ್ನೇ ತೆಗೆದು ಸೀಸೆಯಲ್ಲಿಡುವ ಕಾಯ್ದೆ ಬಂದ ಮೇಲೆ ಕಚೇರಿಯ ಕಪಾಟುಗಳಲ್ಲಿ ಫೈಲಿಗೂ ಜಾಗವಿರಲಿಲ್ಲ. ತೀರ್ಪಾಗಿ ಸೀಸೆ ಮರಳಿಸುವವರೆಗೆ, ಕಂಡದ್ದೇನೆಂದು ಸಾಕ್ಷಿಗೆ ಯಾರೂ ಹೇಳುವಂತಿಲ್ಲ. ಈ ಕೇಸಿನಲ್ಲಿ ಎದುರು ವಕೀಲರು ಆರು ವರ್ಷ ಬರೀ ವಾಯಿದೆ ಕೇಳಿ ವಿಚಾರಣೆ ಮುಂದೂಡಿಸಿದ್ದರು. ಪ್ರತಿ ಸಲವೂ ಬೇಡವೆಂದು ಸರೋಜಿನಿ ಜಗಳವಾಡಿದ್ದರು.

"ಇವತ್ತು ತೀರ್ಪು ಐತಿ. ಮುಗದ ಕೂಡಲೇ ಸೀಸೆ ನಿನ್ನ ಕೈಗೇ ಕೊಡ್ತೀವಿ. ಸುಮ್ನ ಕುಂದ್ರವ್ವಾ."

"ಕುಂದ್ರಾಕ ಪುರಸೊತ್ತು ಎಲ್ಲೈತ್ರಿ? ಅಂಗಡಿ, ಮನಿ ಎಲ್ಲಾ ನನ್ನ ತಲಿಮ್ಯಾಲ. ನಮ್ಮ ಮನಿಯವ್ರು ಲಾರಿ ತಗೊಂಡು ಹೋಗಿ ಆರು ವರ್ಷಾತು, ಒಂದು ಫೋನೂ ಇಲ್ಲ. ದಿನಾ ಎರಡು ರೊಟ್ಟಿ ಎತ್ತಿಡ್ತೀನಿ, ಮರುದಿನ ನಾನೇ ತಿಂತೀನಿ. ಬರ್ಲಿ, ಕಾಲ್ ಮುರೀತೀನಿ!"

ಸರೋಜಿನಿ ಕಪಾಟಿನಿಂದ ಅವಳ ಸೀಸೆ ತೆಗೆದರು. ಸೀಸೆಗೆ ಅಂಟಿಸಿದ ಚೀಟಿಯಲ್ಲಿ, ಕೊಲೆಯಾದವನ ಹೆಸರಿನ ಮುಂದೆ ‘ಸಾಕ್ಷಿಯ ಗಂಡ’ ಎಂದಿತ್ತು.

ಹೊರಗೆ ಜವಾನ ಕೇಸಿನ ನಂಬರು ಕೂಗಿದ. ಇಬ್ಬರೂ ಕೋರ್ಟಿನೊಳಗೆ ಹೋದರು. ನ್ಯಾಯಾಧೀಶರು ತೀರ್ಪಿನ ಹಾಳೆ ಕೈಗೆತ್ತಿಕೊಂಡರು. ಸೀಸೆ ಹಿಡಿದುಕೊಂಡೇ ಸರೋಜಿನಿ ಎದ್ದು ನಿಂತರು.

"ಸ್ವಾಮಿ, ಇದೊಂದು ಸಲ ವಾಯಿದೆ ನನಗ ಬೇಕ್ರಿ."