ಕೊಲಂಬಿಯಾದ ಮಳೆ

"ಒಂದೇ ಟಿಕೆಟ್ ಸಾಕು ಅಂತ ಇವತ್ತೇ ಕಂಪನಿಗೆ ಬರೆದುಬಿಡ್ತೀನಿ," ಎಂದ ದರ್ಶನ್, ಕಣದ ಕಟ್ಟೆಗೆ ಫೋನನ್ನು ಒರಗಿಸಿಡುತ್ತ. ಅತ್ತಿಗುಂಡಿಯ ಆ ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದುದು ಕಾಫಿ ಒಣಗಿಸುವ ಕಣದ ಆ ಮೂಲೆಯಲ್ಲಿ ಮಾತ್ರ. "ಮೊದ್ಲು ನಾನು ಹೋಗಿ ನೋಡ್ತೀನಿ. ನೀನೂ ರಕ್ಷಾನೂ ಆಮೇಲೆ ಬಂದ್ರಾಯ್ತು. ಇಲ್ಲೇ ನೆಂಟ್ರು ಬಂದ್ರೆ ಬಾಗಿಲ ಹಿಂದೆ ನಿಲ್ಲೋಳು, ಕೊಲಂಬಿಯಾದಲ್ಲಿ ಅಂಗಡಿಗೆ ಹೋಗಿ ಹಾಲು ಹೆಂಗೆ ಕೇಳ್ತೀಯ?"

ಸೌಂದರ್ಯ ಕಣದಲ್ಲಿ ಹರವಿದ್ದ ಕಾಫಿಯನ್ನು ಕೈಯಾಡಿಸಿ ತಿರುವಿದಳು. ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿಯ ರುಚಿ ನೋಡುವ ಗಂಡನಿಗೆ ಕೊಲಂಬಿಯಾದ ಕಂಪನಿಯೊಂದು ಕೆಲಸ ಕೊಟ್ಟು, ಹೆಂಡತಿ ಮಗುವನ್ನೂ ಕರೆತರಬಹುದು ಎಂದು ಬರೆದಿತ್ತು. ಮೂವರೂ ಒಟ್ಟಿಗೆ ಹೋಗೋಣ ಎಂಬ ಮಾತು ಎರಡು ತಿಂಗಳಿನಿಂದ ಅವಳ ಗಂಟಲವರೆಗೆ ಬಂದು ಅಲ್ಲೇ ಕೂತಿತ್ತು.

"ಅದೇ ಸರಿ ಮಾರಾಯ," ಅಡಿಗೆಮನೆಯಲ್ಲಿ ಬೆಲ್ಲ ಕುಟ್ಟುತ್ತಿದ್ದ ಅತ್ತೆ ತಿಮ್ಮಮ್ಮನವರ ದನಿ ಬಂತು. "ಆ ಮಗೂನ ಕರ್ಕೊಂಡು ಹೋಗಿ ಅಲ್ಲಿ ಏನು ತಿನ್ನಿಸ್ತೀಯ? ಅವರಿಬ್ರೂ ಇಲ್ಲೇ ಇರ್ಲಿ."

ಅಷ್ಟರಲ್ಲಿ ಕೊಲಂಬಿಯಾದಿಂದ ವಿಡಿಯೊ ಕರೆ ಬಂತು. ಅಲ್ಲಿ ಅವರು ಬಾಡಿಗೆಗೆ ಹಿಡಿಯಬೇಕಿದ್ದ ಮನೆಯ ಒಡತಿ, ಅಂಪಾರೋ. ಇಲ್ಲಿ ಸಂಜೆ ಐದೂವರೆ, ಅಲ್ಲಿ ಬೆಳಗಿನ ಏಳು. ಹುಲ್ಲಿನ ಹ್ಯಾಟು ಹಾಕಿದ ಆ ಹಿರಿಯ ಹೆಂಗಸಿನ ಹಿಂದೆ ಒಂದು ಕಣ, ಕಣದ ತುಂಬ ಹರವಿದ ಕಾಫಿ. ದರ್ಶನ್ ನೋಟ್‌ಬುಕ್ ತೆರೆದು, ಬರೆದುಕೊಂಡಿದ್ದ ಸ್ಪ್ಯಾನಿಷ್ ಮಾತುಗಳನ್ನು ಒಂದೊಂದಾಗಿ ಓದಿದ. ಅಂಪಾರೋ ಒಂದೇ ಉಸಿರಿಗೆ ಏನೋ ಕೇಳಿದರು. ಅವನ ಬೆರಳು ನೋಟ್‌ಬುಕ್ಕಿನಲ್ಲಿ ದಾರಿ ತಪ್ಪಿತು. "ಸೀ, ಸೀ," ಎಂದ. ಇನ್ನೇನೋ ಕೇಳಿದರು. ಅದಕ್ಕೂ "ಸೀ."

"ಏನಂತೆ?" ಸೌಂದರ್ಯ ಪಿಸುಗುಟ್ಟಿದಳು.

"ಗೊತ್ತಿಲ್ಲ. ಹೌದು ಅಂತ ಒಪ್ಕೊಂಡಿದೀನಿ."

ಅವಳು ನೋಡುತ್ತಿದ್ದುದು ಅಂಪಾರೋ ಅವರ ಮುಖವನ್ನಲ್ಲ, ಹೆಗಲಾಚೆಗೆ. ಅಲ್ಲಿ ಬಾಳೆ ಎಲೆಗಳು ತಿರುಗಿ ಅಡಿಮೈ ತೋರಿಸತೊಡಗಿದವು. ಎದುರಿನ ಗುಡ್ಡ ಇದ್ದಕ್ಕಿದ್ದಂತೆ ಕಾಣೆಯಾಯಿತು.

"ಮಳೆ!" ಸೌಂದರ್ಯ ಫೋನಿನತ್ತ ಬಾಗಿ ಕಿರುಚಿದಳು. "ಅಮ್ಮಾ, ಹಿಂದೆ ನೋಡಿ! ಮಳೆ ಬಂತು! ಕಾಫಿ ಮುಚ್ಚಿ!"

ಕೊಯ್ಲಿನ ಕಾಲದಲ್ಲಿ ಆ ಮಾತು ಕಿವಿಗೆ ಬಿದ್ದರೆ ಎಲ್ಲಿ ಎಂದು ಕೇಳುವವರು ಆ ಮನೆಯಲ್ಲಿ ಯಾರೂ ಇಲ್ಲ. ತಿಮ್ಮಮ್ಮ ಸೆರಗು ಸಿಕ್ಕಿಸಿಕೊಂಡು ಟಾರ್ಪಾಲು ಎಳೆಯುತ್ತ ಓಡಿಬಂದರು. ರಕ್ಷಾ ಪುಟ್ಟ ಪುಟ್ಟ ಕಲ್ಲು ಹೊತ್ತು ತಂದಳು. ಕೂಗಿದ ಸೌಂದರ್ಯಳೇ ಟಾರ್ಪಾಲಿನ ಇನ್ನೊಂದು ತುದಿ ಹಿಡಿದಿದ್ದಳು. ಮೇಲೆ ಒಂದು ಚೂರೂ ಮೋಡವಿಲ್ಲದ ಆಕಾಶ, ಕಣದ ಮೇಲೆ ಹೊಂಬಿಸಿಲು.

"ಅಮ್ಮಾ, ಇಲ್ಲಲ್ಲ! ಮಳೆ ಬಂದಿರೋದು ಫೋನಿನಲ್ಲಿ!" ದರ್ಶನ್ ತಾಯಿಗೆ ಕೂಗಿ ಹೇಳಿದ.

"ಎಲ್ಲಾದ್ರೂ ಬರ್ಲಿ ಮಾರಾಯ, ಮೊದ್ಲು ಆ ಮೂಲೆಗೊಂದು ಕಲ್ಲಿಡು!"

ಫೋನಿನೊಳಗೆ ಅಂಪಾರೋ ಓಡಿಹೋಗಿ ಒಂದು ತಗಡಿನ ಮಾಡನ್ನು ಹಿಡಿದು ತಳ್ಳಿದರು. ಕಂಬಿಯ ಮೇಲೆ ಉರುಳುತ್ತ ಬಂದು ಅದು ಇಡೀ ಕಣವನ್ನು ಮುಚ್ಚಿತು. ಮರುಕ್ಷಣ ತಗಡಿನ ಮೇಲೆ ಮಳೆ ಸುರಿಯಿತು. ತಿರುಗಿ ಬಂದು ನೋಡಿದರೆ, ಇತ್ತ ಬಿಸಿಲಲ್ಲಿ ಟಾರ್ಪಾಲು ಹಿಡಿದು ನಿಂತ ಸಂಸಾರ. ಅಂಪಾರೋ ಹ್ಯಾಟು ಕೆಳಗೆ ಬೀಳುವ ಹಾಗೆ ನಕ್ಕರು. ಸೌಂದರ್ಯಳಿಗೂ ನಗು ತಡೆಯಲಾಗಲಿಲ್ಲ. ಆ ಮಾಡು ಹೇಗೆ ಉರುಳುತ್ತದೆ ಎಂದು ಎರಡೂ ಕೈಯಿಂದ ಗಾಳಿಯನ್ನೇ ತಳ್ಳಿ ತೋರಿಸಿ ಕೇಳಿದಳು. ಅವರು ಫೋನನ್ನು ಬಗ್ಗಿಸಿ ಚಕ್ರ ತೋರಿಸಿದರು. ಇವಳು ಕನ್ನಡ, ಅವರು ಸ್ಪ್ಯಾನಿಷ್. ಒಬ್ಬರ ಮಾತು ಮುಗಿಯಲಿ ಎಂದು ಇನ್ನೊಬ್ಬರು ಕಾಯಲೇ ಇಲ್ಲ.

"ಐದು ವರ್ಷದಿಂದ ನನ್ನ ಹತ್ರ 'ಹೂಂ' ಬಿಟ್ಟು ಇನ್ನೊಂದು ಮಾತಾಡಿಲ್ಲ," ತಿಮ್ಮಮ್ಮ ಸೊಂಟದ ಮೇಲೆ ಕೈಯಿಟ್ಟರು. "ಯಾರದೋ ಕಾಫಿ ನೆನೀತದೆ ಅಂದ್ರೆ ಮುಳ್ಳಯ್ಯನಗಿರಿಗೆ ಕೇಳೋ ಹಾಗೆ ಕೂಗ್ತಾಳೆ. ಇವಳಾ ಹಾಲು ಕೇಳೋಕೆ ಹೆದರೋಳು?"

ದರ್ಶನ್ ತಲೆ ಕೆರೆದುಕೊಂಡ. ಅಂಪಾರೋ ಈಗ ನಿಧಾನವಾಗಿ ಏನೋ ಕೇಳಿದರು. ಈ ಸಲ ಅದು ಅವನಿಗೂ ತಿಳಿಯಿತು. "ಮನೆಗೆ ಎಷ್ಟು ಜನ ಬರ್ತೀರಿ ಅಂತಿದಾರೆ," ಎಂದು ಹೆಂಡತಿಯ ಮುಖ ನೋಡಿದ.

ಸೌಂದರ್ಯ ಅವನತ್ತ ತಿರುಗಲಿಲ್ಲ. ಫೋನಿನ ಮುಂದೆ ಮೂರು ಬೆರಳು ಎತ್ತಿ ಹಿಡಿದಳು.

ಅದರ ಪಕ್ಕಕ್ಕೇ, ಹಿಂದಿನಿಂದ, ಬೆಲ್ಲ ಅಂಟಿದ ನಾಲ್ಕನೆಯ ಬೆರಳೊಂದು ಮೆಲ್ಲಗೆ ಮೇಲೆದ್ದಿತು. ತಿಮ್ಮಮ್ಮನವರದು.