ಬೆಳಕು ಕೊಟ್ಟ ಮನುಷ್ಯ

"ಇನ್ನೊಮ್ಮೆ ಹೇಳು," ಎಂದ ಪರಮೇಶ್ವರಪ್ಪ, ಎಲೆಗೆ ಸುಣ್ಣ ಸವರುತ್ತ.

"ದಿ ಮ್ಯಾನ್ ಹೂ ಗೇವ್ ಮಿ ಲೈಟ್," ಎಂದಳು ಸುಶೀಲವ್ವ. ನನಗೆ ಬೆಳಕು ಕೊಟ್ಟ ಮನುಷ್ಯ.

ಹೆಣ್ಣುಮಕ್ಕಳ ಸಾಲೆಯ ತಪಾಸಣೆಗೆಂದು ಧಾರವಾಡದಿಂದ ಶಿಗ್ಗಾಂವಕ್ಕೆ ಬಂದಿದ್ದ ಬಾಯಿಸಾಹೇಬರು ಸಂಜೆ ಇವರ ಮನೆಗೆ ಬರುವವರಿದ್ದರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಸುಶೀಲವ್ವನನ್ನು ಶಿಕ್ಷಕಿಯರ ಟ್ರೇನಿಂಗಿಗೆ ಕಳಿಸಿರೆಂದು ಅವರು ಹಿಂದೆಯೇ ಹೇಳಿದ್ದರು. ಇಂಗ್ಲಿಷ್ ಯಾರು ಕಲಿಸಿದರೆಂದು ಕೇಳಿಯೇ ಕೇಳುತ್ತಾರೆ. ಕಲಿಸಿದವನು ಗಂಡ ಪರಮೇಶ್ವರಪ್ಪನೇ, ಆದರೆ ಗಂಡನ ಹೆಸರು ಹೇಳುವ ಹಾಗಿಲ್ಲ. ಲಗ್ನದ ದಿನ ಒಡಪಿನ ಪ್ರಾಸದಲ್ಲಿ ಸುತ್ತಿ ಒಮ್ಮೆ ಹೇಳಿದ್ದೇ, ಆಮೇಲೆ ಆ ಹೆಸರು ಅವಳ ನಾಲಗೆಗೆ ಬಂದಿರಲಿಲ್ಲ. ಬಂದರೆ ತನ್ನ ಮಗನ ಆಯುಷ್ಯ ಸವೆಯುತ್ತದೆಂದು ಅತ್ತೆ ಅನ್ನವ್ವನ ನಂಬಿಕೆ.

"ಇಂಗ್ಲಿಷಿನ್ಯಾಗ ಇದೊಂದು ಅನುಕೂಲ ಐತಿ ನೋಡು," ಎಂದ ಪರಮೇಶ್ವರಪ್ಪ. "ಮೊದಲ ಮನುಷ್ಯಾನ್ನ ನಿಲ್ಲಸೂದು, ಆಮ್ಯಾಲ ಅವನ ಬೆನ್ನಿಗೆ ಅವ ಮಾಡಿದ್ದನ್ನ ಹಚ್ಚೂದು. ಹೆಸರಿನ ಜರೂರನ ಇಲ್ಲ."

ಅನುಕೂಲ ಅವಳಿಗೂ ತಿಳಿದಿತ್ತು. ಊಟವಾದ ಮೇಲೆ ದಿನಾ ನಡೆಯುವ ಪಾಠದಲ್ಲಿ ಅವನು ಅಂಥ ವಾಕ್ಯಗಳನ್ನು ಬೇಕಾದಷ್ಟು ಕಟ್ಟಿಕೊಟ್ಟಿದ್ದ. ರೊಟ್ಟಿ ಬಡಿಯುವ ಹೆಂಗಸು, ಹಾಲು ಕೊಡುವ ಎಮ್ಮೆ, ನೀರು ಹೊರುವ ಹೆಂಗಸು, ದೇಶಕ್ಕಾಗಿ ದುಡಿಯುವ ಗಂಡಸು. ಹೆಂಗಸಿಗೆ ಹಚ್ಚುವ 'ಹೂ' ಎಂಬ ಪದವನ್ನು ಎಮ್ಮೆಗೆ ಹಚ್ಚಬಾರದು ಎಂದೂ ಒತ್ತಿ ಹೇಳಿದ್ದ. ಇಂಗ್ಲಿಷಿನಲ್ಲಾದರೂ ಅಷ್ಟು ವ್ಯತ್ಯಾಸ ಉಂಟಲ್ಲ ಎಂದು ಸುಶೀಲವ್ವನಿಗೆ ಸಮಾಧಾನವಾಗಿತ್ತು.

"ಟ್ರೇನಿಂಗಿಂದು ಕೇಳಿದ್ರ ಏನ ಹೇಳ್ಲಿರಿ?"

"ನನಗ ಮನಸ್ಸಿಲ್ಲ ಅಂತ ಹೇಳು."

"ನನಗ ಮನಸ್ಸ ಐತೆಲ್ರಿ."

"ಐತಿ. ಅದು ನಮ್ಮಿಬ್ಬರಿಗೆ ಗೊತ್ತಿದ್ರ ಸಾಕು. ನಾನ ಬ್ಯಾಡ ಅಂದೆ ಅಂತ ಸುದ್ದಿ ಆದ್ರ ನನ್ನ ಭಾಷಣಕ್ಕ ಏನ ಕಿಮ್ಮತ್ತು ಉಳೀತೈತಿ?"

ಹೋದ ವಾರವಷ್ಟೇ ವಾಚನಾಲಯದಲ್ಲಿ ಅವನು ಸ್ತ್ರೀಶಿಕ್ಷಣದ ಮೇಲೆ ಮಾತಾಡಿದ್ದ. ಕೇಳಿ ಚಪ್ಪಾಳೆ ತಟ್ಟಿದವರೆಲ್ಲ ಗಂಡಸರು. ಹೆಂಗಸರು ಆ ಹೊತ್ತಿಗೆ ಮನೆಯಲ್ಲಿ ಅವರಿಗಾಗಿ ರೊಟ್ಟಿ ಬಡಿಯುತ್ತಿದ್ದರು.

ಸಂಜೆ ಬಾಯಿಸಾಹೇಬರು ಬಂದರು. ದಲಾಲರ ಅಡತಿ ಅಂಗಡಿಯಿಂದ ತರಿಸಿದ ಕುರ್ಚಿಯ ಮೇಲೆ ಕುಳಿತು, ಉಪ್ಪಿಟ್ಟು ತಿಂದು, ಚಹಾ ಕುಡಿದರು. ಸುಶೀಲವ್ವ ಸವಣೂರಿನ ಎಲೆ-ಅಡಿಕೆಯ ತಟ್ಟೆ ಮುಂದಿಟ್ಟಾಗ ಇಂಗ್ಲಿಷಿನಲ್ಲಿ ಅವರು ಕೇಳಿದ್ದು ಎಣಿಸಿದ ಪ್ರಶ್ನೆಯನ್ನೇ.

"ದಿ ಮ್ಯಾನ್ ಹೂ ಗೇವ್ ಮಿ ಲೈಟ್," ಎಂದಳು ಅವಳು.

ಬಾಗಿಲ ಮರೆಯಿಂದ ಅನ್ನವ್ವ ಮಗನಿಗೆ ಪಿಸುಗುಟ್ಟಿದಳು, "ಏನ ಕೇಳಿದ್ರೋ?"

"ಯಾರ ಕಲಿಸಿದ್ರು ಅಂತವ್ವ. ಇಕಿ ನಾನ ಅಂತ ಹೇಳಿದ್ಲು."

"ಹೆಸರು ತಗದ್ಲೇನು?"

"ಇಲ್ಲವ್ವ, ಸುಮ್ನಿರು," ಎಂದ ಪರಮೇಶ್ವರಪ್ಪ. ಅವನ ಮುಖವೇ ಬೆಳಕಾಗಿತ್ತು.

ಮಾತು ಟ್ರೇನಿಂಗಿನ ಕಡೆ ಹೊರಳಿತು. ತನ್ನದೇನೂ ಅಡ್ಡಿಯಿಲ್ಲ, ಇವಳಿಗೇ ಮನಸ್ಸಿಲ್ಲ, ಏನು ಮಾಡುವುದು, ಎಂದು ಪರಮೇಶ್ವರಪ್ಪ ತನ್ನ ಮ್ಯಾಟ್ರಿಕ್ ಇಂಗ್ಲಿಷಿನಲ್ಲಿ ನಿಟ್ಟುಸಿರುಬಿಟ್ಟ. ಹೆಣ್ಣುಮಕ್ಕಳ ಹಿಂಜರಿಕೆಯ ಬಗ್ಗೆಯೂ ಎರಡು ಮಾತು ಸೇರಿಸಿದ. ಬಾಯಿಸಾಹೇಬರು ಸುಶೀಲವ್ವನನ್ನೇ ಕೇಳಿದರು.

"ಐ ವಾಂಟ್, ಮೇಡಂ," ಎಂದಳು ಅವಳು, ಸಣ್ಣ ದನಿಯಲ್ಲಿ.

ಹಾಗಾದರೆ ಬೇಡ ಅನ್ನುವವರು ಯಾರು ಎಂದು ಅವರು ಇಂಗ್ಲಿಷಿನಲ್ಲೇ ಕೇಳಿದರು.

ಪರಮೇಶ್ವರಪ್ಪ ಕೆಮ್ಮಿದ. 'ನಮ್ಮ ಮನೆಯವರು' ಎಂದರೂ ಆಗುತ್ತಿತ್ತು. ಆದರೆ ಅಷ್ಟು ಕಷ್ಟಪಟ್ಟು ಕಲಿಸಿದ್ದನ್ನು ಬಿಟ್ಟು ಬೇರೆ ಹೇಳುವುದು ಸುಶೀಲವ್ವನಿಗೆ ಸರಿ ಕಾಣಲಿಲ್ಲ.

"ದಿ ಮ್ಯಾನ್ ಹೂ ಗೇವ್ ಮಿ ಲೈಟ್," ಎಂದಳು.

ವಾಕ್ಯದಲ್ಲಿ ಒಂದೂ ತಪ್ಪಿರಲಿಲ್ಲ, ಅವನೇ ತಿದ್ದಿದ್ದು. ಬಾಯಿಸಾಹೇಬರು ಎಲೆ ಮಡಿಸುವುದನ್ನು ನಿಲ್ಲಿಸಿ ಅವನನ್ನು ನೋಡಿದರು. ಆಮೇಲೆ ಒಳಗಿದ್ದವರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದರು, "ಟ್ರೇನಿಂಗು ಜೂನದಾಗ ಸುರು ಆಗತೈತ್ರಿ. ಬೆಳಕ ಕೊಟ್ಟವರು ತಾವ ಕರಕೊಂಡ ಬಂದು ಬಿಟ್ಟ ಹೋಗ್ರಿ."

ಪರಮೇಶ್ವರಪ್ಪನ ಇಂಗ್ಲಿಷೆಲ್ಲ ಕೂಡಿ ಒಂದೇ ಪದವಾಗಿ ಹೊರಬಂತು. "ಯಸ್."

ಬಾಯಿಸಾಹೇಬರ ಟಾಂಗಾ ಓಣಿ ದಾಟಿದ ಮೇಲೆ ಅನ್ನವ್ವ ಹೊರಗೆ ಬಂದು ಸೊಸೆಯ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಕುರ್ಚಿಯ ಪಕ್ಕ ಇನ್ನೂ ನಿಂತೇ ಇದ್ದ ಮಗನಿಗೆ ಹೆಮ್ಮೆಯಿಂದ ಹೇಳಿದಳು:

"ಎರಡ ಸಲ ಕೇಳಿದ್ರು ನೋಡಪಾ, ಎರಡೂ ಸಲ ನಿನ್ನ ಹೆಸರು ತಗೀಲಿಲ್ಲ ನನ್ನ ಸೊಸಿ. ನಿನ್ನ ಆಯುಷ್ಯಕ್ಕೇನೂ ಧೋಕಾ ಇಲ್ಲ ಬಿಡು."