ಮೊದಲ ಸಪ್ಪಳ

ಏಟಿಗೆ ಮುಚ್ಚಿಹೋಗಿದ್ದ ಅವಳ ಕಿವಿಯ ಒಳದಾರಿಯನ್ನು, ಕಿವಿಯ ಹಿಂದಿನ ಚರ್ಮವನ್ನೇ ಒಳಕ್ಕೆ ತಿರುಗಿಸಿ ಹೊಲಿದು, ಡಾಕ್ಟರು ಹೊಸದಾಗಿ ಕಟ್ಟಿದ್ದರು. ಇವತ್ತು ಒಳಗೆ ತುರುಕಿದ್ದ ಔಷಧಿ ಬಟ್ಟೆಯ ಬತ್ತಿ ತೆಗೆದಾಗ ತಮ್ಮ ಕೈಕೆಲಸಕ್ಕೆ ತಾವೇ ಹಿಗ್ಗಿದರು.

"ಹೊಲಿಗಿ ಹಾಕಿದ ಜಾಗಾ ನೋಯ್ತದೇನ, ತಂಗಿ?"

"ಏನೂ ಗೊತ್ತಾಗೂದಿಲ್ರಿ."

"ಇನ್ನ ಮ್ಯಾಲೆ ಬಚ್ಚಲದಾಗ ಜಾರಿ ಬೀಳಬ್ಯಾಡ."

"ನಾನೂ ಅದನ್ನ ಹೇಳೇನ್ರಿ," ಎಂದ ಹಿಂದೆ ನಿಂತಿದ್ದ ಗಂಡ.

"ಕಣ್ಣ ಮುಚ್ಚು. ಸಪ್ಪಳ ಕೇಳಿದ್ರ ಕೈ ಎತ್ತು."

ಡಾಕ್ಟರು ಅವಳ ಇನ್ನೊಂದು ಕಿವಿಯನ್ನು ಬೆರಳಿನಿಂದ ಒತ್ತಿ ಹಿಡಿದರು. ವಾಚಿನ ಟಿಕ್ ಟಿಕ್ ಕೇಳಿಸಿದರೆ ಸಾಕು, ಗೆದ್ದಂತೆ. ವಾಚು ಬಿಚ್ಚಿಕೊಡುವಂತೆ ಗಂಡನಿಗೆ ಸನ್ನೆ ಮಾಡಿದರು.

ಅವನು ಮಣಿಕಟ್ಟಿನ ಕೊಂಡಿ ಬಿಚ್ಚಿದ. ಟಕ್ ಎಂದಿತು.

ವಾಚಿನ್ನೂ ಡಾಕ್ಟರ ಕೈಗೆ ಬಂದಿರಲಿಲ್ಲ. ಅವಳ ಎರಡೂ ಕೈ ಮೇಲೆದ್ದು ಮುಖಕ್ಕೆ ಅಡ್ಡ ನಿಂತವು.